ಪಾಲಿಶ್ ಸಾಬರ ಓಣಿ

ತಿಪಟೂರಿನ ಪಾಲಿಶ್ ಸಾಬರು ತೀರಿಕೊಂಡ ಸುದ್ದಿ ನನಗೆ ತಿಂಗಳು ತಡವಾಗಿ ತಿಳಿಯಿತು. ಕೊಬ್ಬರಿ ರೇಟು ಕೇಳಲು ಪರಿಚಯದ ಮಂಡಿಯವರಿಗೆ ಫೋನ್ ಮಾಡಿದ್ದೆ. ಮಾತೆಲ್ಲ ಮುಗಿದು ಇನ್ನೇನು ಇಡಬೇಕು ಅನ್ನುವಾಗ ಅವರು ಹೇಳಿದರು: ‘ನಿಮ್ಮ ಸಾಬ್ರು ಹೋದ್ರಂತಲ್ಲ.’ ನಮ್ಮ ಕಡೆ ಯಾರು ಸತ್ತರೂ ಸರ್ಕಲ್ಲಿನಲ್ಲಿ ಬ್ಯಾನರ್ ಕಟ್ಟುತ್ತಾರೆ. ಇವರಿಗೆ ಕಟ್ಟಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಾರ್ಮೋನಿಯಂ ಪೆಟ್ಟಿಗೆಗಳ ಮೈ ಕಾದ ಮನುಷ್ಯ. ಅವರ ಬಗ್ಗೆ ನಾಲ್ಕು ಸಾಲು ಬರೆಯುವವರು ಬೇರೆ ಯಾರೂ ಇಲ್ಲ ಅನ್ನಿಸಿ ಕೂತಿದ್ದೇನೆ.

ಗುಬ್ಬಿ ನಮಗೆ ದೂರದ ಊರಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಮೆರೆಯಿತು. 1972ರಲ್ಲಿ ವೀರಣ್ಣನವರು ಹೋಗುವ ಹೊತ್ತಿಗೆ ಕಂಪನಿ ಮಟ್ಟುಗಳು ಹಳ್ಳಿಹಳ್ಳಿಯ ಬಾಯಿಗೆ ಬಂದಿದ್ದವು. ತೆಂಗಿನ ಫಸಲಿನ ದುಡ್ಡು ಕೈಗೆ ಬಂದು ಸುಗ್ಗಿ ಮುಗಿಯಿತೆಂದರೆ ಊರೂರಲ್ಲಿ ‘ಕುರುಕ್ಷೇತ್ರ’ದ ತಾಲೀಮು. ಪೆಟ್ಟಿಗೆ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಠಿಕಾಣಿ ಹೂಡಿ, ಕಂದಪದ್ಯ ಬಾರದ ದುರ್ಯೋಧನನಿಗೂ ಹಾಡು ಕಲಿಸುತ್ತಿದ್ದರು. ಶಾಸ್ತ್ರೀಯ ಸಂಗೀತಕ್ಕೆ ಒಗ್ಗದ ವಾದ್ಯವೆಂದು ರೇಡಿಯೋದವರು 1940ರಿಂದ 1971ರವರೆಗೆ ಹಾರ್ಮೋನಿಯಮ್ಮಿಗೆ ಬಾಗಿಲು ಹಾಕಿದ್ದರು ಎಂದು ನಾನು ಓದಿದ್ದು ತೀರಾ ಈಚೆಗೆ. ನಮ್ಮ ಹಳ್ಳಿಗಳಿಗೆ ಆ ಸುದ್ದಿಯೇ ಮುಟ್ಟಿರಲಿಲ್ಲ.

ಒಂದು ನಾಟಕ ಮುಗಿಯುವಷ್ಟರಲ್ಲಿ ಪೆಟ್ಟಿಗೆಯ ಗತಿ ನೋಡಬೇಕಿತ್ತು. ಗಾಡಿಯಲ್ಲಿ ಹುಲ್ಲು ಹಾಸಿ ತಂದರೂ ಗೂಟಕ್ಕೆ ಉಜ್ಜಿ ಬಂದಿರುತ್ತಿತ್ತು. ಮೇಲೆ ಯಾರೋ ಟೀ ಲೋಟ ಇಟ್ಟು ಬಿಳೀ ಬಳೆ ಮೂಡಿರುತ್ತಿತ್ತು. ಮೇಷ್ಟ್ರ ನಶ್ಯದ ಡಬ್ಬಿ, ಬೆರಳಿನ ಉಂಗುರ, ಗ್ಯಾಸ್‌ಲೈಟಿನ ತಳ, ಒಂದೊಂದಕ್ಕೂ ಒಂದೊಂದು ಗುರುತು. ಮಿಕ್ಕ ದಿನ ಅದು ಯಾರದೋ ಮನೆಯ ಕೊಬ್ಬರಿ ಅಟ್ಟದ ಕೆಳಗೆ ಬಿದ್ದಿರಬೇಕು. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದಲ್ಲಿ ಹೆಚ್ಚು ಕಡಿಮೆ ವರ್ಷ ಒಣಗಬೇಕಲ್ಲ. ಅಟ್ಟದಿಂದ ಕಾಯಿ ಇಳಿಸುವ ಗದ್ದಲದಲ್ಲಿ ಕೆಳಗಿದ್ದ ಪೆಟ್ಟಿಗೆಗೆ ಏಟು ಬೀಳುವುದು ಇದ್ದದ್ದೇ. ಆಮೇಲೆ ಅದನ್ನು ಹಳೇ ಜಮಖಾನದಲ್ಲಿ ಸುತ್ತಿ ಸಾಬರ ಹತ್ತಿರ ತರುತ್ತಿದ್ದರು.

ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ಅವರ ಮಳಿಗೆ. ಬೋರ್ಡು ಇರಲಿಲ್ಲ, ಮೂಗೇ ದಾರಿ ತೋರಿಸುತ್ತಿತ್ತು. ಮೊದಲು ಸ್ಪಿರಿಟ್ಟಿನ ಘಾಟು. ಅದರ ಹಿಂದೆ ಅರಗಿನ ಸಣ್ಣ ಸಿಹಿ. ಅದಕ್ಕೆ ಪಕ್ಕದ ಗೋದಾಮಿನ ಕೊಬ್ಬರಿಯ ಜಿಡ್ಡು ವಾಸನೆ ಸೇರಿ, ಅದು ಬೇರೆ ಯಾವ ಊರಿನಲ್ಲೂ ಹುಟ್ಟಲಾರದ ಗಾಳಿ. ಇಂದಿಗೂ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ಸ್ಪಿರಿಟ್ ಒರೆಸಿದರೆ ನನ್ನ ಮೂಗು ಅದರ ಹಿಂದೆ ಅರಗನ್ನು ಹುಡುಕುತ್ತದೆ.

ಅರಗು ಬರುತ್ತಿದ್ದದ್ದು ಜಾರ್ಖಂಡದ ಕಡೆಯಿಂದ. ಮುತ್ತುಗ, ಬೋರೆ ಮರಗಳ ರೆಂಬೆಯ ಮೇಲೆ ಅರಗಿನ ಹುಳು ಕಟ್ಟುವ ಅಂಟು ಅದು. ಕರಗಿಸಿ, ಸೋಸಿ, ತೆಳ್ಳಗೆ ಎಳೆದು ಒಣಗಿಸಿದ ಚೂರುಗಳನ್ನು ಸಾಬರು ರಾತ್ರಿ ಸ್ಪಿರಿಟ್ ಬಾಟಲಿಗೆ ಹಾಕಿಡುತ್ತಿದ್ದರು. ಬೆಳಿಗ್ಗೆ ಅದು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿತ್ತು. ಬಟ್ಟೆಯಲ್ಲಿ ಸೋಸಿ ತೆಂಗಿನ ಚಿಪ್ಪಿಗೆ ಬಗ್ಗಿಸಿಕೊಳ್ಳುತ್ತಿದ್ದರು. ಚಿಪ್ಪಿಗೆ ಅದು ಹತ್ತಿಕೊಂಡರೂ ನಷ್ಟವಿಲ್ಲ, ಬಿಸಾಕಿ ಇನ್ನೊಂದು ತಗೊಂಡರಾಯಿತು.

ಕೆಲಸ ಶುರುವಾಗುತ್ತಿದ್ದದ್ದು ನೋಡುವುದರಿಂದ. ಪೆಟ್ಟಿಗೆಯನ್ನು ಬಾಗಿಲ ಬೆಳಕಿಗೆ ಅಡ್ಡ ಇಟ್ಟು, ಕೆನ್ನೆ ಹಲಗೆಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ಗೀರಿಗೆ ಅಡ್ಡಲಾಗಿ ಹೆಬ್ಬೆರಳ ಉಗುರು ಎಳೆಯುತ್ತಿದ್ದರು. ಉಗುರು ಜಾರಿದರೆ ಗೀರು ಪಾಲಿಶಿನಲ್ಲೇ ಇದೆ, ಸಿಕ್ಕಿಕೊಂಡರೆ ಮರದವರೆಗೂ ಇಳಿದಿದೆ.

ಜಾರಿದ ಗೀರಿಗೆ ಹೊಸ ಪಾಲಿಶೂ ಬೇಡ. ಹತ್ತಿ ಉಂಡೆಗೆ ಒಗೆದೊಗೆದು ಮೆತ್ತಗಾದ ಪಂಚೆ ಸುತ್ತಿ, ಬರೀ ಸ್ಪಿರಿಟ್ ಅದ್ದಿ ಹಿಂಡಿ, ಅಂಗೈ ಮೇಲೆ ತಟ್ಟಿ ಹದ ನೋಡಿ, ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ. ಎಣ್ಣೆ ಇಲ್ಲದಿದ್ದರೆ ಬಟ್ಟೆ ಕಚ್ಚಿಕೊಂಡು ಇದ್ದ ಪಾಲಿಶನ್ನೂ ಕಿತ್ತುಬಿಡುತ್ತದೆ. ಕೈ ಸುತ್ತು ಸುತ್ತಾಗಿ, ಆಮೇಲೆ ಎಂಟರ ಅಂಕಿಯಂತೆ ಓಡಬೇಕು. ಹಲಗೆಯ ಮೇಲೆ ಒಂದು ಚಣವೂ ನಿಲ್ಲಬಾರದು. ಹಳೆಯ ಅರಗು ಸ್ಪಿರಿಟ್ ಕುಡಿದು ಮೆತ್ತಗಾಗಿ, ತನ್ನ ಗೀರಿನೊಳಕ್ಕೆ ತಾನೇ ಹರಿದು ಕೂತುಕೊಳ್ಳುತ್ತಿತ್ತು. ಕಣ್ಣೆದುರೇ ಗೀರು ಮುಚ್ಚುವುದನ್ನು ನಾನು ಎಷ್ಟು ಸಲ ನೋಡಿದರೂ ಸಾಕಾಗುತ್ತಿರಲಿಲ್ಲ.

ಸಿಕ್ಕಿಕೊಂಡ ಗೀರಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ. ಕಾದ ಚಾಕುವಿನ ಮೊನೆಯಿಂದ ಅದನ್ನು ಕರಗಿಸಿ ತುಂಬಿ, ಆರಿದ ಮೇಲೆ ಉಪ್ಪು ಕಾಗದದಲ್ಲಿ ಸಮ ಮಾಡಿ, ಮೇಲೆ ಪಾಲಿಶ್ ಎಳೆಯುತ್ತಿದ್ದರು. ನೆಗ್ಗಿದ ಕಡೆ ಪಾಲಿಶ್ ಒರೆಸಿ, ಒದ್ದೆ ಬಟ್ಟೆ ಹಾಸಿ, ಚಿಪ್ಪಿನ ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆಯ ಮೂತಿ ಮುಟ್ಟಿಸುತ್ತಿದ್ದರು. ಚುಂಯ್ ಅಂತ ಹಬೆ ಎದ್ದರೆ ಅದುಮಿದ ಮರದ ನಾರು ಉಬ್ಬಿ ಮೇಲಕ್ಕೆ ಬರುತ್ತಿತ್ತು. ಮಳೆ ಹಿಡಿದ ದಿನ ಮಾತ್ರ ಚಿಪ್ಪು ಮುಟ್ಟುತ್ತಿರಲಿಲ್ಲ. ಗಾಳಿಯ ತೇವಕ್ಕೆ ಪಾಲಿಶ್ ಬೆಳ್ಳಗೆ ಮಂಕು ಕವಿಯುತ್ತದೆ.

ಅವರ ಹುಟ್ಟೂರು ತುರುವೇಕೆರೆ. ಅಲ್ಲಿನ ಗಂಗಾಧರೇಶ್ವರ ಗುಡಿಯ ಕರಿಕಲ್ಲಿನ ನಂದಿಯ ನುಣುಪನ್ನು ನೋಡಿದವರು ಬಲ್ಲರು. ನಾನು ಒಮ್ಮೆ ಆ ಹೊಳಪಿನ ಮಾತೆತ್ತಿದೆ. ‘ಆ ಬಸವಣ್ಣನ ಮೈಗೆ ಏನೂ ಬಳಿದಿಲ್ಲ ಸ್ವಾಮಿ. ಉಜ್ಜಿ ಉಜ್ಜಿ ಹೊಳಪು ತೆಗ್ದವ್ರೆ. ಕಲ್ಲು ತಡ್ಕೊಳ್ತದೆ. ಮರಾನ ಹಂಗೆ ಉಜ್ಜುದ್ರೆ ಏನುಳೀತದೆ? ಮರಕ್ಕೆ ಕೊಡ್ಬೇಕು, ಅದರಿಂದ ತೆಗೀಬಾರ್ದು’ ಎಂದಿದ್ದರು.

ಒಂದು ಚೌಕಾಸಿ ನನಗೆ ಅಕ್ಷರ ಅಕ್ಷರ ನೆನಪಿದೆ. ಚಿಕ್ಕನಾಯಕನಹಳ್ಳಿ ಕಡೆಯ ಗೌಡರೊಬ್ಬರು ಕಾಲುಪೆಟ್ಟಿಗೆ ತಂದಿದ್ದರು. ಸಾಬರು ನಲವತ್ತು ರೂಪಾಯಿ ಅಂದರು.

‘ನಲವತ್ತಾ? ಏನ್ ಸಾಬ್ರೇ, ಪೆಟ್ಟಿಗೆ ಮಾರ್ತಿದೀರೋ, ಪಾಲಿಶ್ ಮಾಡ್ತಿದೀರೋ?’

‘ಗೌಡ್ರೇ, ಮುಚ್ಚಳದ ಮ್ಯಾಲೆ ಯಾರೋ ಅಡಿಕೆ ಕುಟ್ಟವ್ರೆ. ಇದು ಪಾಲಿಶಲ್ಲ, ಆಪರೇಷನ್ನು.’

‘ಇಪ್ಪತ್ತೈದು ಕೊಡ್ತೀನಿ. ಮನೆ ಕೊಬ್ಬರಿ ಐದು ಕೇಜಿ.’

ಸಾಬರು ಬಾಟಲಿ ಅಲುಗಿಸುತ್ತಾ ಸುಮ್ಮನೆ ಕೂತರು. ಆಮೇಲೆ ಹೇಳಿದರು: ‘ಇಪ್ಪತ್ತೈದೇ ಕೊಡಿ. ಕೊಬ್ಬರಿ ಬ್ಯಾಡ. ಕೊಬ್ಬರಿ ಸುಲಿದ ಚಿಪ್ಪು ಎರಡು ಚೀಲ ಕಳ್ಸಿ. ನಾಟಕದ ರಾತ್ರಿ ಪೆಟ್ಟಿಗೆ ಪಕ್ಕ ನಂಗೊಂದು ಜಾಗ ಮಾಡ್ಕೊಡಿ.’ ಗೌಡರು ನಕ್ಕು, ಆಗಲಿ ಅಂದರು.

ಆ ನಾಟಕಕ್ಕೆ ನಾನೂ ಹೋಗಿದ್ದೆ. ಪೆಟ್ಟಿಗೆ ಗ್ಯಾಸ್‌ಲೈಟಿನಲ್ಲಿ ಹೊಳೆಯುತ್ತಿತ್ತು, ಮೇಷ್ಟ್ರ ಬೆರಳು ಮುಚ್ಚಳದಲ್ಲಿ ಕಾಣುತ್ತಿದ್ದವು. ಸಾಬರಿಗೆ ಸಿಕ್ಕ ಜಾಗ ಸೈಡ್ ಪರದೆಯ ಹಿಂದೆ, ಬಣ್ಣದ ಟ್ರಂಕುಗಳ ನಡುವೆ. ಊಟಕ್ಕೆ ಅವರಿಗೆ ಎಲೆ ಹಾಕಿದ್ದು ಪಂಕ್ತಿಯಲ್ಲಲ್ಲ, ಕೊಟ್ಟಿಗೆ ಜಗಲಿಯ ಮೇಲೆ. ಬೆಳಗಿನ ಜಾವ ಮೇಷ್ಟ್ರಿಗೆ ಶಾಲು ಹೊದಿಸಿ ಹಾರ ಹಾಕಿದರು. ಇವರ ಹೆಸರನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ. ಅವತ್ತು ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಆ ಕಾಲವನ್ನು ಹೊಗಳುವ ನನ್ನ ವಯಸ್ಸಿನವರು ಆ ಜಗಲಿಯನ್ನು ಬಿಟ್ಟು ಮಾತಾಡಬಾರದು.

ಸ್ಪಿರಿಟ್ ಪಾಲಿಶಿನ ಸುಖವನ್ನೇ ಹೇಳಿದರೂ ಅನ್ಯಾಯವಾಗುತ್ತದೆ. ಅದು ಬಿಸಿಗೆ ಆಗದು, ನೀರಿಗೆ ಆಗದು. ವರ್ಷ ವರ್ಷ ಮಾಡಿಸಬೇಕಿತ್ತು ಅಂದರೆ ಅದಕ್ಕೆ ಬಾಳಿಕೆ ಇರಲಿಲ್ಲ ಅಂತಲೇ ಅರ್ಥ. ಮುಚ್ಚಿದ ಮಳಿಗೆಯಲ್ಲಿ ಅದರ ಆವಿ ಕುಡಿದು ಸಾಬರ ಕಣ್ಣು ಸದಾ ಕೆಂಪು, ರಾತ್ರಿಯೆಲ್ಲ ಕೆಮ್ಮು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಆಮೇಲೆ ಸ್ಪಿರಿಟ್ ಕೊಳ್ಳಲು ಹೋದರೆ ತನ್ನನ್ನು ಕಳ್ಳನ ಹಾಗೆ ನೋಡುತ್ತಾರೆ ಎಂದು ಅವರು ನೊಂದುಕೊಳ್ಳುತ್ತಿದ್ದರು. ಜೀವನದಲ್ಲಿ ಒಂದು ಹನಿ ಕುಡಿದವರಲ್ಲ.

ಆಮೇಲೆ ಒಂದರ ಹಿಂದೆ ಒಂದು ಬಂತು. ಮೇಜು ಬೀರುಗಳಿಗೆ ಸನ್‌ಮೈಕಾ, ಬಾಗಿಲಿಗೆ ಗನ್ನಿನಲ್ಲಿ ಹೊಡೆಯುವ ಮೆಲಮೈನ್. ನಾಟಕಕ್ಕೆ ಕೀಬೋರ್ಡು. ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ. ಭೀಮನಿಗೊಂದು, ದ್ರೌಪದಿಗೊಂದು ಅಂತ ಮೇಷ್ಟ್ರು ಒದ್ದಾಡಬೇಕಿಲ್ಲ. ತಂಡಿಗೆ ಉಬ್ಬುವುದಿಲ್ಲ, ಇಲಿ ತಿದಿ ಕಡಿಯುವುದಿಲ್ಲ. ಮೇಷ್ಟ್ರುಗಳು ಅದನ್ನು ಒಪ್ಪಿದ್ದು ಸರಿಯೇ. ಆದರೆ ಅದರ ಪ್ಲಾಸ್ಟಿಕ್ ಮೈಗೆ ಗೀರು ಬಿದ್ದರೆ ಯಾರೂ ಲೆಕ್ಕಕ್ಕೆ ಇಡಲಿಲ್ಲ, ಕೆಟ್ಟರೆ ಮೂಲೆಗೆ ಎಸೆದರು. 1998ರಿಂದೀಚೆಗೆ ತೆಂಗಿಗೆ ನುಸಿ ಬಿದ್ದು ಕಾಯಿ ಸೀಕಲಾದ ವರ್ಷಗಳಲ್ಲಿ ನಮ್ಮೂರಿನಲ್ಲಿ ನಾಟಕವೇ ನಿಂತಿತ್ತು. ಸಾಬರು ಮಳಿಗೆ ಬಿಟ್ಟರು. ಮಗ ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜ್ ಸೇರಿದ. ಆ ಓಣಿಯಲ್ಲಿ ಈಗ ಸಾಲಾಗಿ ಮೊಬೈಲ್ ಅಂಗಡಿಗಳು.

ಈಚೆಗೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ಬಾಸ್ ಗಿಟಾರ್ ತಂದಿದ್ದ. ದಪ್ಪ ದಪ್ಪ ನಾಲ್ಕು ತಂತಿ, ಕಡುಗೆಂಪು ಮೈ. ಬೆನ್ನ ಮೇಲೆ ಬೆಲ್ಟಿನ ಬಕಲ್ ಉಜ್ಜಿ ಗೀರೋ ಗೀರು, ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ‘ದೊಡ್ಡಪ್ಪ, ನೀವು ಹೇಳ್ತಿದ್ರಲ್ಲ, ಆ ಪಾಲಿಶ್ ತಾತ ಇದ್ದಿದ್ರೆ ಇದನ್ನ ಸರಿ ಮಾಡೋರಾ?’ ಅಂದ. ಇಲ್ಲ ಅಂದೆ. ಈಗಿನ ಗಿಟಾರುಗಳಿಗೆ ಸಾಮಾನ್ಯವಾಗಿ ಹೊಡೆಯುವುದು ಪಾಲಿಯೂರಿಥೇನ್, ಪಾಲಿಯೆಸ್ಟರ್. ಒಮ್ಮೆ ಗಟ್ಟಿಯಾದರೆ ಸ್ಪಿರಿಟ್ಟಿಗೆ ಜಗ್ಗುವುದಿಲ್ಲ, ಮೇಲೆ ಹಾಕಿದ್ದು ಒಳಗಿನದರ ಜೊತೆ ಬೆರೆಯುವುದಿಲ್ಲ. ಹಿಂದೆ ಹಾಗಿರಲಿಲ್ಲ. ಫೆಂಡರ್ ಕಂಪನಿ 1951ರಲ್ಲಿ ಬಾಸ್ ಗಿಟಾರನ್ನು ಮಾರುಕಟ್ಟೆಗೆ ತಂದ ಕಾಲದ ಲ್ಯಾಕರು ತನ್ನ ಥಿನ್ನರಿಗೆ ಮತ್ತೆ ಕರಗುತ್ತಿತ್ತು, ನಮ್ಮ ಅರಗಿನ ಜಾತಿಯದೇ.

ಗಿಟಾರನ್ನು ಸಾಬರ ಮಗನ ಗ್ಯಾರೇಜಿಗೆ ಒಯ್ದೆವು. ಅಪ್ಪನ ಹಾಗೆಯೇ ಅವನೂ ಮೊದಲು ಉಗುರು ಎಳೆದು ನೋಡಿದ. ಚಕ್ಕೆ ಎದ್ದ ಕಡೆ ಫೆವಿಕ್ವಿಕ್ ಹನಿಹನಿಯಾಗಿ ತುಂಬಿ, ಗಟ್ಟಿಯಾಗಲು ಬಿಟ್ಟು, ಬ್ಲೇಡಿನಿಂದ ಹೆರೆದು ಸಮ ಮಾಡಿದ. ಬೆನ್ನಿನ ಗೀರುಗಳ ಮೇಲೆ ಸೋಪು ನೀರು ಹಾಕಿ 1500ರ ವಾಟರ್ ಪೇಪರು, ಆಮೇಲೆ 2000ದ್ದು. ಮೈಯೆಲ್ಲ ಮಬ್ಬಾಯಿತು, ಹುಡುಗನ ಮುಖ ಬಾಡಿತು. ಕಾಂಪೌಂಡ್ ಹಚ್ಚಿ ಉಜ್ಜುತ್ತಾ ಹೋದ ಹಾಗೆ ಹೊಳಪು ತಿರುಗಿ ಬಂತು. ಅಂಚುಗಳ ಹತ್ತಿರ ಅವನು ಕೈ ತಡೆಯುತ್ತಿದ್ದ. ‘ಇಲ್ಲಿ ಕೋಟಿಂಗ್ ತೆಳ್ಳಗಿರತ್ತೆ ಅಣ್ಣ, ಉಜ್ಜಿದ್ರೆ ಮರ ಬಂದ್‌ಬಿಡತ್ತೆ. ಮ್ಯಾಟ್ ಫಿನಿಶ್ ಆಗಿದ್ರೆ ನಾನು ಮುಟ್ತಾನೇ ಇರ್ಲಿಲ್ಲ, ಉಜ್ಜಿದ್ ಕಡೆ ಮಾತ್ರ ಹೊಳೆದು ಕಲೆ ಆಗತ್ತೆ.’ ಕೆಲಸ ಚೆನ್ನಾಗಿ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಗೀರು ತುಂಬಿಕೊಳ್ಳಲಿಲ್ಲ, ಸುತ್ತಲಿನ ಮೈ ಗೀರಿನ ಆಳಕ್ಕೆ ಇಳಿಯಿತು. ಹೀಗೆ ಎಷ್ಟು ಸಲ ಇಳಿಸಬಹುದು? ಸಾಬರು ನಂದಿಯ ಬಗ್ಗೆ ಆಡಿದ ಮಾತು ನನಗೆ ಅಂದು ಪೂರ್ತಿ ಅರ್ಥವಾಯಿತು.

ಅದೇ ಫೆಂಡರ್ ಕಂಪನಿ 1995ರಿಂದ ಹೊಸ ಗಿಟಾರುಗಳಿಗೆ ಬೇಕೆಂದೇ ಗೀರು, ಸವೆತ ಮಾಡಿ ದುಬಾರಿ ಬೆಲೆಗೆ ಮಾರುತ್ತಿದೆ ಎಂದು ಹುಡುಗ ಹೇಳಿದಾಗ ನನಗೆ ಮೈ ಉರಿಯಿತು. ಒಂದು ವಾದ್ಯದ ಮೇಲೆ ಬೀಳುವ ಗುರುತು ಅದನ್ನು ನುಡಿಸಿದವನ ದುಡಿಮೆ. ಅದನ್ನೂ ಕೊಳ್ಳಬಹುದು ಅಂದುಕೊಂಡಿದ್ದಾರೆ.

ಅದಕ್ಕಿಂತ ಹೆಚ್ಚಿನ ಸಂಕಟ ನಮ್ಮೂರಿನದು. ಸಾಬರು ವರ್ಷ ವರ್ಷ ತಿದ್ದಿದ ನಮ್ಮ ಕಾಲುಪೆಟ್ಟಿಗೆಯನ್ನು ನಾಟಕದ ಕಮಿಟಿಯವರು ಹೆದ್ದಾರಿಯ ಹೋಟೆಲಿಗೆ ಮಾರಿಬಿಟ್ಟರು, ಅಲಂಕಾರಕ್ಕೆ. ಹೋಗಿ ನೋಡಿದೆ. ಪಾಲಿಶನ್ನೆಲ್ಲ ಹೆರೆದು ಹಾಕಿ, ಮಂದವಾದ ವಾರ್ನಿಷ್ ಗನ್ನಿನಲ್ಲಿ ಹೊಡೆದಿದ್ದಾರೆ. ಅದು ಸ್ವರದ ಮನೆಗಳ ಸಂದಿಗೆ ಇಳಿದು ಕಪ್ಪು ಬಿಳುಪು ಒಂದಕ್ಕೊಂದು ಅಂಟಿವೆ. ತಿದಿ ಹರಿದಿದೆ. ಮೇಷ್ಟ್ರ ಉಂಗುರ ಸವೆಸಿದ ಕುಳಿ ಇದ್ದ ಜಾಗದಲ್ಲಿ ಪುಟ್ಟಿ. ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಮಾರಿದ ದುಡ್ಡಿಗೆ ಕಮಿಟಿಯವರು ಸೌಂಡ್ ಬಾಕ್ಸ್ ತಂದರು.

ಊರಲ್ಲಿ ಇನ್ನೊಂದು ಉಳಿದಿದೆ, ರಾಮಮಂದಿರದ ಕೈಪೆಟ್ಟಿಗೆ. ಅದನ್ನೂ ಕೊಳ್ಳಲು ಬಂದಿದ್ದರು, ನಾನು ಅಡ್ಡ ನಿಂತೆ. ಅರಗು ಈಗಲೂ ಸಿಗುತ್ತದೆ. ಸಾಬರ ಮಗನಿಗೆ ಅಪ್ಪನ ಕೈ ಗೊತ್ತಿದೆ, ಮಳೆಗಾಲ ಕಳೆದ ಮೇಲೆ ಬರುತ್ತೇನೆ ಎಂದಿದ್ದಾನೆ. ಕಾರಿನ ಕೆಲಸಕ್ಕೆ ಅವನು ದಿನಕ್ಕೆ ಏನು ತಗೊಳ್ಳುತ್ತಾನೋ ಅಷ್ಟೇ ಕೂಲಿ ಕೊಡಬೇಕು, ನಾಟಕದ ರಾತ್ರಿ ಪೆಟ್ಟಿಗೆ ಪಕ್ಕ ಅವನಿಗೆ ಕುರ್ಚಿ ಹಾಕಬೇಕು, ಊಟಕ್ಕೆ ಎಲ್ಲರ ಪಂಕ್ತಿಯಲ್ಲೇ ಎಲೆ ಹಾಕಬೇಕು ಎಂದು ಕಮಿಟಿಯಲ್ಲಿ ಹೇಳಿದ್ದೇನೆ. ಕುರ್ಚಿಗೆ, ಊಟಕ್ಕೆ ಒಪ್ಪಿದ್ದಾರೆ. ಕೂಲಿಯ ಮಾತು ಇನ್ನೂ ಬಗೆಹರಿದಿಲ್ಲ.