ಕಾಳಿಗಂಡಕಿಯ ಬಾಯಿಂದ ತಿರುಗಿದ ವಿಮಾನ

ಮುಕ್ತಿನಾಥದ ವಿಮಾನದ ಕಥೆ ಕೇಳಿದಿರಲ್ಲ, ಹೇಳುತ್ತೇನೆ. ಒಲೆಗೆ ಇನ್ನೊಂದು ಕೊರಡು ಹಾಕಿ ಹತ್ತಿರ ಸರಿದು ಕೂತುಕೊಳ್ಳಿ.

2017ರ ಏಪ್ರಿಲ್. ದೊಡ್ಡಪ್ಪನಿಗೆ ಒಂದೇ ಹಟ: ತಾತನ ತಿಥಿಯ ದಿನವೇ ಕಾಗ್ಬೇನಿಯಲ್ಲಿ ಪಿಂಡ ಇಡಬೇಕು, ಆಮೇಲೆ ಮುಕ್ತಿನಾಥನ ದರ್ಶನ. ನಮ್ಮವರಿಗೆ ಆ ಸೀಮೆಯ ನಂಟು ಹಳೆಯದು. ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ತವರು ಕಾಳಿಗಂಡಕಿ ನದಿ. ಮುಕ್ತಿನಾಥ ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ಹಿಂದೆ ವಾರಗಟ್ಟಲೆ ನಡೆದು ಹೋಗುತ್ತಿದ್ದ ಜಾಗಕ್ಕೆ ಈಗ ಪೊಖರಾದಿಂದ ಜೋಮ್‌ಸೋಮ್‌ಗೆ ಇಪ್ಪತ್ತೇ ನಿಮಿಷದ ವಿಮಾನ, ಅಲ್ಲಿಂದ ಜೀಪು. ಪೊಖರಾ ಅಂದರೆ ಗೊತ್ತಲ್ಲ, ಫೇವಾ ಸರೋವರ, ದೋಣಿ, ಹೋಟೆಲು. ನೇಪಾಳಕ್ಕೆ ಬಂದ ಪ್ರವಾಸಿಗರೆಲ್ಲ ಬಂದು ಬೀಳುವ ಊರು. ಬೆಳಗಾದರೆ ಅವರಲ್ಲಿ ಒಂದು ಪಾಲು ಚಾರಣಕ್ಕೆ, ಒಂದು ಪಾಲು ದೇವರಿಗೆ. ಇಬ್ಬರೂ ಹತ್ತುವುದು ಅದೇ ಹತ್ತೊಂಬತ್ತು ಸೀಟಿನ ಟ್ವಿನ್ ಆಟರ್ ವಿಮಾನವನ್ನು.

ನಮ್ಮದು ಬೆಳಗ್ಗೆ ಆರೂವರೆಯ ವಿಮಾನ. ಏಳಾಯಿತು, ಎಂಟಾಯಿತು. ಪೊಖರಾದಲ್ಲಿ ಆಕಾಶ ತಿಳಿಯಾಗಿಯೇ ಇದೆ, ಮಚ್ಚಾಪುಚ್ಛ್ರೆಯ ತುದಿ ಹೊಳೆಯುತ್ತಿದೆ, ಕೌಂಟರಿನ ಹುಡುಗಿ ಮಾತ್ರ "ಜೋಮ್‌ಸೋಮ್ ಬಂದ್" ಅನ್ನುತ್ತಾಳೆ. ದೊಡ್ಡಪ್ಪ ಹರಕು ಹಿಂದಿಯಲ್ಲಿ, "ಇಲ್ಲಿ ಬಿಸಿಲು ಹೊಡೀತಿದೆಯಲ್ಲಮ್ಮ!" ಎಂದು ಆಕಾಶ ತೋರಿಸಿದರು. ಅತ್ತೆ ಹಿಂದಿನಿಂದ ಅವರ ಶಾಲು ಎಳೆಯುತ್ತಿದ್ದರು. ಎಂಟೂವರೆ ದಾಟಿದ ಮೇಲೆ ಕರೆ ಬಂತು. ಕಿವಿಗೆ ಇಟ್ಟುಕೊಳ್ಳಲು ಹತ್ತಿ, ಬಾಯಿಗೆ ಒಂದು ಮಿಠಾಯಿ ಕೊಟ್ಟರು. ಪೈಲಟ್‌ಗಳ ಬೆನ್ನು ನಮಗೆ ಕಾಣುತ್ತಿತ್ತು. ಅವರ ಭುಜದ ಮೇಲಿಂದ ಮುಂದಿನ ಗಾಜು.

ಘೋರೆಪಾನಿಯ ಏಣು ಹತ್ತಿರವಾಗುತ್ತಿದ್ದಂತೆ ಆ ಗಾಜಿನಲ್ಲಿ ಬೆಟ್ಟ ಇಲ್ಲವಾಯಿತು. ಬರೀ ಬಿಳಿ. ಪಕ್ಕದ ಕಿಟಕಿಯಲ್ಲಿ ಕಾಡು, ಮೆಟ್ಟಿಲು ಗದ್ದೆ, ತಗಡಿನ ಸೂರು, ಎಲ್ಲ ಸ್ಪಷ್ಟ. ಇಬ್ಬರು ಪೈಲಟ್‌ಗಳೂ ಏನೋ ಮಾತಾಡಿಕೊಂಡರು. ರೆಕ್ಕೆ ಒಂದು ಕಡೆಗೆ ವಾಲಿತು. ಅಷ್ಟು ಹೊತ್ತು ಬೆನ್ನಿಗಿದ್ದ ಸೂರ್ಯ ಮುಂದಿನ ಗಾಜಿನಲ್ಲಿ ಬಂದು ಕಣ್ಣಿಗೆ ಹೊಡೆದಾಗಲೇ ನನಗೆ ತಿಳಿದದ್ದು, ವಾಪಸು ಹೊರಟಿದ್ದೇವೆ ಅಂತ.

ಇಳಿದ ಮೇಲೆ ರಂಪ. ಒಂದು ತಂಡದವರಿಗೆ ಮೂರನೆಯ ದಿನ ದಿಲ್ಲಿಯಿಂದ ವಿಮಾನವಿತ್ತು. ಇನ್ನೊಬ್ಬರು ಹಣ ಕೊಡಿ ಅಂದರು. ದೊಡ್ಡಪ್ಪ ನೇರವಾಗಿ ಕ್ಯಾಪ್ಟನ್ ಹತ್ತಿರವೇ ಹೋದರು. ಮೂವತ್ತೈದರ ಆಸುಪಾಸಿನ ಯುವಕ, ಟೋಪಿ ಕಂಕುಳಲ್ಲಿ. "ನಿಮಗಿಂತ ಮುಂಚೆ ಹೋದ ವಿಮಾನ ಇಳಿಯಿತಂತಲ್ಲ, ನಿಮಗೇನಾಗಿತ್ತು?" ಆತ ಸಿಟ್ಟಾಗಲಿಲ್ಲ. "ಬಾಜೇ, ಅವರಿಗೆ ದಾರಿ ಕಂಡಿತ್ತು, ನನಗೆ ಕಾಣಲಿಲ್ಲ. ನಮ್ಮ ಮೋಡದೊಳಗೆ ಬಂಡೆ ಇರುತ್ತೆ" ಅಂದ. ಬಾಜೆ ಅಂದರೆ ಅವರಲ್ಲಿ ಅಜ್ಜ. ದೊಡ್ಡಪ್ಪನಿಗೆ ಅದರಿಂದ ಇನ್ನಷ್ಟು ಕೋಪ ಬಂತು. ಆಗ ಅವರಿಗೆ ಇನ್ನೂ ಅರವತ್ತೆಂಟು.

ನಾಳೆಯ ವಿಮಾನ ನಂಬಿ ಕೂರುವಂತಿರಲಿಲ್ಲ, ನಾಳೆಯೇ ತಿಥಿ. ಜೀಪು ಮಾಡಿಕೊಂಡು ಬೇನಿ, ತಾತೋಪಾನಿ, ಘಾಸಾ ದಾರಿಯಲ್ಲಿ ಹೊರಟೆವು. ಆ ರಸ್ತೆಯ ಬಗ್ಗೆ ನನ್ನನ್ನು ಕೇಳಬೇಡಿ. ರಾತ್ರಿ ಹೊತ್ತಾಗಿ ಮಾರ್ಫಾದ ಒಂದು ಥಕಾಲಿ ಲಾಡ್ಜಿಗೆ ಬಿದ್ದೆವು. ಅಲ್ಲಿ ಊಟದ ಮೇಜಿನ ಕೆಳಗೆ ಕೆಂಡ ಇಟ್ಟು, ಸುತ್ತ ದಪ್ಪ ಕಂಬಳಿ ಇಳಿಬಿಟ್ಟಿರುತ್ತಾರೆ. ಕಾಲು ಒಳಗಿಟ್ಟು ಕೂತರೆ ಎದ್ದೇಳಲು ಮನಸ್ಸು ಬರುವುದಿಲ್ಲ. ದೊಡ್ಡಪ್ಪ ಅಲ್ಲೂ ಅದೇ ಪುರಾಣ ತೆಗೆದರು. ಲಾಡ್ಜಿನ ಸಾಹುಜಿ ಎಲ್ಲ ಕೇಳಿಕೊಂಡು, "ಎಲ್ಲಿಂದ ತಿರುಗಿದರು?" ಅಂದ. ಘೋರೆಪಾನಿ ಅಂದೆ. "ಒಳ್ಳೆ ಕಡೆ ತಿರುಗಿದರು. ಇಲ್ಲಿಗೆ ಬಂದು ತಿರುಗುವುದು ಕಷ್ಟ."

ಆಮೇಲೆ ಆತ 2012ರ ಮೇ 14ರ ಮಾತು ತೆಗೆದ. ಅಗ್ನಿ ಏರ್‌ನ ಡಾರ್ನಿಯರ್ ವಿಮಾನ, 21 ಜನ, ಹೆಚ್ಚಿನವರು ಮುಕ್ತಿನಾಥಕ್ಕೆ ಹೊರಟ ನಮ್ಮ ದೇಶದವರೇ. ಜೋಮ್‌ಸೋಮ್‌ನಲ್ಲಿ ಇಳಿಯಲು ಬಂದು, ಆಗದೆ, ಪೊಖರಾಕ್ಕೆ ಮರಳಲೆಂದು ತಿರುಗುವಾಗ ಗುಡ್ಡಕ್ಕೆ ತಗುಲಿತು. 15 ಜನ ಹೋದರು, 6 ಜನ ಉಳಿದರು. 'ಪಾ' ಚಿತ್ರದಲ್ಲಿ, ರಸ್ನಾ ಜಾಹೀರಾತಿನಲ್ಲಿ ನೋಡಿದ್ದೆವಲ್ಲ, ಆ ತರುಣಿ ಸಚ್‌ದೇವ್ ತಾಯಿಯ ಜೊತೆ ಅದರಲ್ಲಿದ್ದಳು. ಅವತ್ತು ಅವಳಿಗೆ ಹದಿನಾಲ್ಕು ತುಂಬಿದ ಹುಟ್ಟುಹಬ್ಬ. ಅತ್ತೆ ಆ ರಾತ್ರಿ ಊಟ ಬಿಟ್ಟರು.

ಆ ಕಣಿವೆಯ ಗಾಳಿಯ ಬಗ್ಗೆಯೂ ಸಾಹುಜಿ ಹೇಳಿದ್ದ, ಅದನ್ನು ಮರುದಿನ ಕಣ್ಣಾರೆ ಕಂಡೆ. ಒಂದು ಕಡೆ 8,091 ಮೀಟರಿನ ಅನ್ನಪೂರ್ಣ, ಇನ್ನೊಂದು ಕಡೆ 8,167 ಮೀಟರಿನ ಧವಳಗಿರಿ, ನಡುವೆ ಸೀಳಿದಂತೆ ಈ ನದಿಯ ಕಣಿವೆ. ಬಿಸಿಲೇರಿ ಮೇಲಿನ ಟಿಬೆಟ್ ಕಡೆಯ ನೆಲ ಕಾದರೆ ದಕ್ಷಿಣದ ಗಾಳಿಯೆಲ್ಲ ಈ ಸೀಳಿನಲ್ಲೇ ನುಗ್ಗಿ ಮೇಲಕ್ಕೆ ಹೋಗಬೇಕು. ಕಾಗ್ಬೇನಿಯ ಸಂಗಮದಲ್ಲಿ ಪಿಂಡ ಇಡುವಾಗ ಎಳ್ಳು ಕದಲಲಿಲ್ಲ; ಹನ್ನೊಂದರ ಹೊತ್ತಿಗೆ ಪುರೋಹಿತರ ಪಂಚೆಯೇ ನಿಲ್ಲುತ್ತಿರಲಿಲ್ಲ. ಹಾಗಾಗಿ ಜೋಮ್‌ಸೋಮ್‌ಗೆ ವಿಮಾನಗಳೆಲ್ಲ ಬೆಳಗ್ಗೆಯೇ ಬಂದು ಹೋಗಬೇಕು. ನಿಲ್ದಾಣ ಇರುವುದು 2,700 ಮೀಟರಿಗೂ ಮೇಲೆ, ಯಂತ್ರದ ಮಾರ್ಗದರ್ಶನದಲ್ಲಿ ಇಳಿಸುವ ಸೌಕರ್ಯವಿಲ್ಲ, ಕಣ್ಣಿಗೆ ಕಂಡರೆ ಮಾತ್ರ ಹಾರಾಟ. ಒಂದೇ ವಿಮಾನ ಬೆಳಗಿನಲ್ಲಿ ಹಲವು ಸಲ ಹೋಗಿ ಬರಬೇಕು. ಮೊದಲ ಸರದಿ ಎರಡು ಗಂಟೆ ತಡವಾದರೆ ಹಿಂದಿನವರ ದಿನವೇ ಕೈಬಿಟ್ಟಂತೆ. ಗಾಳಿ ಏಳುವ ಮುಂಚೆ ಹೋಗಬೇಕು, ಮೋಡ ಹೋಗುವ ತನಕ ಕಾಯಬೇಕು. ಒತ್ತಡ ಹುಟ್ಟುವುದು ಈ ಎರಡರ ನಡುವೆ, ಮತ್ತೆ ಕೌಂಟರಿನ ಮುಂದೆ ನಮ್ಮಂಥವರ ಗಲಾಟೆಯಲ್ಲಿ. ಇದು ನನ್ನ ಅಭಿಪ್ರಾಯ, ದೊಡ್ಡಪ್ಪ ಒಪ್ಪುವುದಿಲ್ಲ.

ಊರಿಗೆ ಬಂದ ಮೇಲೆ ನನಗೆ ಈ ದಾರಿಯ ಗೀಳು ಹಿಡಿಯಿತು. ತನಿಖಾ ವರದಿಗಳನ್ನು ಹುಡುಕಿ ಓದತೊಡಗಿದೆ. ನಾವು ಹೋಗುವುದಕ್ಕೆ ಒಂದು ವರ್ಷ ಮುಂಚೆ, 2016ರ ಫೆಬ್ರವರಿ 24ರಂದು, ಇದೇ ದಾರಿಯಲ್ಲಿ ತಾರಾ ಏರ್‌ನ ಟ್ವಿನ್ ಆಟರ್ ಬಿದ್ದು 23 ಜನ ಸತ್ತಿದ್ದರು. ಹಳೆಯ ವಿಮಾನವೇನಲ್ಲ, ಹೊಚ್ಚ ಹೊಸದು. ಕಣ್ಣಿಗೆ ಕಂಡೇ ಹಾರಬೇಕಾದ ವಿಮಾನ ಮತ್ತೆ ಮತ್ತೆ ಮೋಡದೊಳಗೆ ಹೊಕ್ಕಿತು, ದಾರಿ ಬಿಟ್ಟಿತು, ಬೆಟ್ಟಕ್ಕೆ ಹೋಗಿ ಬಡಿಯಿತು. ನೆಲ ಹತ್ತಿರ ಬಂತೆಂದು ಎಚ್ಚರಿಸುವ ಯಂತ್ರ ಕೂಗಿತ್ತು. ಆದರೆ ಆ ಕಣಿವೆಯಲ್ಲಿ ಅದು ದಿನಾ ಕೂಗುತ್ತದೆ! ಎರಡೂ ಬದಿ ಗೋಡೆಯಂಥ ಬೆಟ್ಟ ಇರುವಾಗ ಸರಿಯಾದ ದಾರಿಯಲ್ಲಿ ಹೋದರೂ ಯಂತ್ರಕ್ಕೆ ಅಪಾಯವಾಗಿಯೇ ಕಾಣುತ್ತದೆ. ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಪಾಡು ಅದರದು. 2002ರ ಆಗಸ್ಟ್‌ನಲ್ಲಿ ಜೋಮ್‌ಸೋಮ್‌ನಿಂದ ಪೊಖರಾಕ್ಕೆ ಬರುತ್ತಿದ್ದ ಶಾಂಗ್ರಿ-ಲಾ ಏರ್ ವಿಮಾನ ಗುಡ್ಡಕ್ಕೆ ಬಡಿದಾಗಲೂ ಮಳೆ ಮೋಡವೇ. 18 ಜನ, ಪ್ರಯಾಣಿಕರಲ್ಲಿ ಹೆಚ್ಚಿನವರು ಜರ್ಮನ್ ಪ್ರವಾಸಿಗರು. 2013ರ ಮೇ ತಿಂಗಳದು ಮಾತ್ರ ಬೇರೆ ಜಾತಿ. ನೇಪಾಳ್ ಏರ್‌ಲೈನ್ಸ್‌ನ ವಿಮಾನ ಹಿಂಗಾಳಿಯಲ್ಲಿ ಇಳಿದು, ರನ್‌ವೇ ಸಾಲದೆ ಕಾಳಿಗಂಡಕಿಯ ದಡಕ್ಕೆ ಉರುಳಿತು. ಮೂಳೆ ಮುರಿದವರುಂಟು, 21 ಜನರ ಪ್ರಾಣವೂ ಉಳಿಯಿತು.

2022ರ ಮೇ 29, ಭಾನುವಾರ. ಟೀವಿಯಲ್ಲಿ ಪೊಖರಾ-ಜೋಮ್‌ಸೋಮ್ ವಿಮಾನ ಕಾಣೆ ಎಂದು ಬಂದಾಗ ದೊಡ್ಡಪ್ಪನೇ ಫೋನ್ ಮಾಡಿದರು. "ನೋಡಿದೆಯಾ?" ಅಂದರು, ಮುಂದೆ ಮಾತಿಲ್ಲ. ಮತ್ತೆ ತಾರಾ ಏರ್, ಮತ್ತೆ ಟ್ವಿನ್ ಆಟರ್; ಒಳಗೆ 22 ಜನ, ಅವರಲ್ಲಿ ನಾಲ್ವರು ಥಾಣೆ ನಗರದ ಒಂದೇ ಸಂಸಾರದವರು. ಜೋಮ್‌ಸೋಮ್‌ನ ಹವೆ ಸರಿಹೋಗಲೆಂದು ಕಾದು 9:55ಕ್ಕೆ ಹೊರಟಿದ್ದರು. ಮರುದಿನ ಮುಸ್ತಾಂಗ್ ಜಿಲ್ಲೆಯಲ್ಲಿ, ನಾಲ್ಕು ಸಾವಿರ ಮೀಟರಿಗೂ ಎತ್ತರದ ಇಳಿಜಾರಿನಲ್ಲಿ ಚೂರುಗಳು ಸಿಕ್ಕವು. ಆಮೇಲೆ ಬಂದ ವರದಿಯಲ್ಲಿ ಇದ್ದದ್ದೂ ಅದೇ: ಮೋಡದೊಳಗೆ ಸಿಕ್ಕಿ ದಾರಿ ತಪ್ಪಿತು. ಒಂದು ವ್ಯತ್ಯಾಸ. ಈ ಸಲ ಎಚ್ಚರಿಕೆಯ ಯಂತ್ರ ಕೂಗಲೂ ಇಲ್ಲ, ಅದರ ಬಾಯಿ ಮೊದಲೇ ಕಟ್ಟಿತ್ತು.

ಪೊಖರಾದ ಹೊಸ ನಿಲ್ದಾಣದ ದುರಂತವನ್ನೂ ಇದರ ಜೊತೆ ಸೇರಿಸಿ ಮಾತಾಡುವವರಿದ್ದಾರೆ. ಅದು ಸರಿಯಲ್ಲ. 2023ರ ಜನವರಿ 15ರಂದು ಯೇತಿ ಏರ್‌ಲೈನ್ಸ್‌ನ ಎಟಿಆರ್ ಬಿದ್ದು 72 ಜನ ಸತ್ತಾಗ ಆಕಾಶ ಚೊಕ್ಕಟವಾಗಿತ್ತು. ಇಳಿಯುವಾಗ ಫ್ಲ್ಯಾಪ್ ಹಿಡಿಕೆಯ ಬದಲು ಪಕ್ಕದ ಬೇರೆ ಹಿಡಿಕೆಗಳಿಗೆ ಕೈ ಹೋಯಿತು. ಪ್ರೊಪೆಲ್ಲರಿನ ಅಲಗುಗಳು ಗಾಳಿಗೆ ಅಂಚು ತೋರಿಸಿ ನಿಂತವು, ಮುಂದೆ ತಳ್ಳುವ ಬಲವೇ ಹೋಯಿತು. ಬೆಟ್ಟಕ್ಕೂ ಮೋಡಕ್ಕೂ ಅದರಲ್ಲಿ ಪಾತ್ರವಿಲ್ಲ. ನೇಪಾಳದ ವಿಮಾನ ಬಿತ್ತು ಅಂದರೆ ಸಾಕು, ಹಿಮಾಲಯದ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತೇವೆ.

ಹೋದ ತಿಂಗಳು ನಮ್ಮ ಅತ್ತೆಯ ಮಗ ಬಂದಿದ್ದ, ಮುಕ್ತಿನಾಥಕ್ಕೆ ಹೊರಟಿದ್ದಾನೆ. ವಿಮಾನವೋ ಜೀಪೋ ಅಂತ ಕೇಳಿದ. ಯಾವುದಾದರೂ ಆಗಲಿ, ಎರಡು ದಿನ ಕೈಯಲ್ಲಿಟ್ಟುಕೊಂಡು ಹೋಗು ಅಂದೆ. ದೊಡ್ಡಪ್ಪ ಮೂಲೆಯಿಂದ, "ತಿಥಿ ಗಿಥಿ ಇದ್ದರೆ ಮೂರು ದಿನ ಇಟ್ಟುಕೋ" ಅಂದರು. ಅವನು ಫೋನಿನಲ್ಲಿ ಟಿಕೆಟ್ ತೋರಿಸಿದ: ಬೆಳಗ್ಗೆ ಜೋಮ್‌ಸೋಮ್‌ನಿಂದ ಪೊಖರಾ, ಮಧ್ಯಾಹ್ನ ಕಠ್ಮಂಡು, ಅದೇ ಸಂಜೆ ದಿಲ್ಲಿ. "ರಜೆ ಸಿಗಲ್ಲ ದೊಡ್ಡಮಾವ" ಅಂದ.