ಕೊಚ್ಚಿಯ ಚರ್ಚು, ತಿರುವನಂತಪುರದ ಸಮಾಧಿ



ಮಠ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶೃಂಗೇರಿ, ಉಡುಪಿ, ಸಿದ್ಧಗಂಗೆ. ಕೇರಳದಲ್ಲಿ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟಿಗೂ ‘ಮಠಂ’ ಎಂದೇ ಹೇಳುತ್ತಾರೆ. ಆ ಒಂದು ಮಾತನ್ನು ಹಿಡಿದು ಹೊರಟರೆ ಕೊಚ್ಚಿ, ತಿರುವನಂತಪುರಗಳಲ್ಲಿ ನಿಮಗೊಂದು ಹಳೆಯ ಕಥೆ ಸಿಗುತ್ತದೆ.

ಮೊದಲು ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಬನ್ನಿ. ಬಂದವರೆಲ್ಲ ವಾಸ್ಕೋ ಡ ಗಾಮನ ಸಮಾಧಿಯ ಕಲ್ಲನ್ನು ನೋಡುತ್ತಾರೆ. 1524ರಲ್ಲಿ ಅವನನ್ನು ಹೂಳಿದ್ದು ಇಲ್ಲಿಯೇ. ಅಸ್ಥಿಯನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದರು. ನೀವು ಈ ಚರ್ಚನ್ನು ಕಟ್ಟಿದವರನ್ನೂ ಒಂದು ಕ್ಷಣ ನೆನೆಯಿರಿ. ಅವರು ಪೋರ್ಚುಗೀಸರೊಡನೆ ಬಂದ ಫ್ರಾನ್ಸಿಸ್ಕನ್ ಸನ್ಯಾಸಿಗಳು. 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು ಕೊಚ್ಚಿಯನ್ನು ಗೆದ್ದರು. ಕಾಲಕ್ರಮದಲ್ಲಿ ಚರ್ಚು ಆಂಗ್ಲಿಕನ್ ಸಭೆಯ, ಅಂದರೆ ಇಂಗ್ಲೆಂಡಿನ ಚರ್ಚಿನ, ಕೈಸೇರಿತು. ಈಗ ಅದು ಸಿ.ಎಸ್.ಐ. ಸಭೆಯದು.

ವಿಚಿತ್ರ ನೋಡಿ! ಸನ್ಯಾಸಿಗಳು ಕಟ್ಟಿದ ಚರ್ಚನ್ನು ಪಡೆದ ಆ ಸಭೆಯಲ್ಲಿ ಆಗ ಮಠಗಳೇ ಇರಲಿಲ್ಲ. ಎಂಟನೆಯ ಹೆನ್ರಿ ದೊರೆ 1536ರಿಂದ 1540ರೊಳಗೆ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡಿದ್ದ. ನಾವು ಬಿ.ಎ.ಯಲ್ಲಿ ಓದಿದ ವರ್ಡ್ಸ್‌ವರ್ತನ ಕವಿತೆಯ ಹೆಸರಿನಲ್ಲಿರುವ ಟಿಂಟರ್ನ್ ಅಬ್ಬೆ ಹಾಗೆ ಪಾಳುಬಿದ್ದ ಮಠಗಳಲ್ಲೊಂದು.

ಮುನ್ನೂರು ವರ್ಷ ಕಡಿದಿದ್ದ ಆ ಎಳೆಯನ್ನು ಮತ್ತೆ ಹಿಡಿದವಳು ಒಬ್ಬ ಹೆಣ್ಣುಮಗಳು. 1841ರಲ್ಲಿ ಆಕ್ಸ್‌ಫರ್ಡಿನಲ್ಲಿ ಮೇರಿಯನ್ ಹ್ಯೂಸ್ ಸನ್ಯಾಸದ ವ್ರತ ಸ್ವೀಕರಿಸಿದಳು. ಹೋಗಿ ಸೇರಲು ಮಠವಿರಲಿಲ್ಲ; ತಂದೆತಾಯಿಯರ ಆರೈಕೆಯೂ ಇತ್ತು. ಮನೆಯಲ್ಲೇ ವ್ರತ ಪಾಲಿಸಿ, ಕೆಲವು ವರ್ಷಗಳ ಬಳಿಕ ಸಹೋದರಿಯರ ಸಂಘವನ್ನು ಕಟ್ಟಿದಳು. ಆಮೇಲೆ ಇಂಥ ಸಂಘಗಳು ಒಂದೊಂದಾಗಿ ಹುಟ್ಟಿದವು. 1866ರಲ್ಲಿ ಆಕ್ಸ್‌ಫರ್ಡಿನ ಕೌಲಿಯಲ್ಲಿ ಗಂಡಸರ ಸಂಘವೂ ಆಯಿತು. 1902ರಲ್ಲಿ ಆರಂಭವಾದ ಎಪಿಫನಿ ಸಹೋದರಿಯರು ನಮ್ಮ ದೇಶಕ್ಕೆ ಬಂದು, ಈಗ ಬಾಂಗ್ಲಾದೇಶದಲ್ಲಿರುವ ಬಾರಿಸಾಲದಲ್ಲಿ ನೆಲೆಸಿದರು.

ಬಾರಿಸಾಲಕ್ಕೂ ಕೇರಳಕ್ಕೂ ಏನು ಸಂಬಂಧ ಎನ್ನುವಿರಾ? ಅದಕ್ಕೆ ತಿರುವನಂತಪುರದ ಪಟ್ಟಂಗೆ ಬರಬೇಕು. ಅಲ್ಲಿನ ಸೇಂಟ್ ಮೇರಿಸ್ ಕೆಥೆಡ್ರಲ್‌ನಲ್ಲಿ ಮಾರ್ ಇವಾನಿಯೋಸರ ಸಮಾಧಿಯಿದೆ. ಮಲಂಕರ ಆರ್ಥೊಡಾಕ್ಸ್ ಸಭೆಯ ಪಾದ್ರಿಯಾಗಿದ್ದ ಅವರು ಬಂಗಾಳದ ಸೆರಾಂಪುರ ಕಾಲೇಜಿನಲ್ಲಿ ಪಾಠ ಹೇಳಿದವರು. 1919ರಲ್ಲಿ ಬೆಥನಿ ಆಶ್ರಮವನ್ನು ಸ್ಥಾಪಿಸಿದರು. ಹೆಣ್ಣುಮಕ್ಕಳಿಗೂ ಅಂಥದೊಂದು ಮಠ ಬೇಕೆಂದು ಕೇರಳದ ಕೆಲವು ತರುಣಿಯರನ್ನು ಬಾರಿಸಾಲದ ಆಂಗ್ಲಿಕನ್ ಸಹೋದರಿಯರ ಬಳಿ ಕಲಿಯಲು ಇರಿಸಿದರು. ಅವರು ಮರಳಿದ ಮೇಲೆ 1925ರಲ್ಲಿ ಬೆಥನಿ ಮಠ ಆರಂಭವಾಯಿತು. 1930ರಲ್ಲಿ ಮಾರ್ ಇವಾನಿಯೋಸರು ಕ್ಯಾಥೊಲಿಕ್ ಸಭೆಯನ್ನು ಸೇರಿದರು, 1953ರಲ್ಲಿ ತೀರಿಕೊಂಡರು. ಇಂದು ಎರಡೂ ಸಭೆಗಳಲ್ಲಿ ಬೆಥನಿ ಸನ್ಯಾಸಿನಿಯರಿದ್ದಾರೆ.

ಆ ತರುಣಿಯರನ್ನು ನೆನೆದಾಗ ನೀವು ನೆನಪಾಗುತ್ತೀರಿ. ಅವರದು ಪರಭಾಷೆಯ ಊರು, ಬೇರೆ ಸಭೆಯ ಗುರುಗಳು. ಆದರೂ ಕಲಿಯಲು ನಾಚಲಿಲ್ಲ. ತಪ್ಪಾದೀತೆಂದು ಅಜ್ಜಿಯೊಡನೆ ಕನ್ನಡ ಮಾತಾಡಲು ಹಿಂಜರಿಯುವವರು ನಿಮ್ಮಲ್ಲಿ ಹಲವರಿದ್ದೀರಿ. ಮುನ್ನೂರು ವರ್ಷ ಕಡಿದ ಎಳೆಯೇ ಮತ್ತೆ ಕೂಡಿತು. ನಮ್ಮ ಮನೆಗಳಲ್ಲಿ ಕನ್ನಡದ ಎಳೆ ಸಡಿಲವಾಗಿ ಇನ್ನೂ ಒಂದು ತಲೆಮಾರು, ಅಷ್ಟೇ.