ಅನ್ನನಾಳದ ಅರ್ಬುದವೂ ಆಯುಸ್ಸಿನ ಲೆಕ್ಕವೂ

ಮನೆಯಲ್ಲಿ ಯಾರಿಗಾದರೂ ಅನ್ನನಾಳದ ಅರ್ಬುದರೋಗವುಂಟೆಂದು ವೈದ್ಯರು ತಿಳಿಸಿದ ಕೂಡಲೆ ಮನೆಯವರ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆ ‘ಇನ್ನೆಷ್ಟು ದಿನ?’ ಎಂಬುದೇ. ವೈದ್ಯರು ಒಂದು ಸಂಖ್ಯೆಯನ್ನು ಹೇಳುವರು. ಕೇಳಿದವರಲ್ಲಿ ಕೆಲವರು ಅದನ್ನು ಬ್ರಹ್ಮಲಿಖಿತವೆಂದು ಭಾವಿಸಿ ಕೈಚೆಲ್ಲಿ ಊರಿಗೆ ಹಿಂದಿರುಗುವರು. ಮತ್ತೆ ಕೆಲವರು ಅದನ್ನು ಸುಳ್ಳೆಂದು ತಳ್ಳಿ, ಬೇರುನಾರುಗಳನ್ನು ಕೊಡುವವರನ್ನು ಅರಸಿಕೊಂಡು ಹೋಗುವರು. ಈ ಎರಡು ಹಾದಿಗಳೂ ಅನರ್ಥಕ್ಕೆ ಮುಟ್ಟುವುದನ್ನು ನಮ್ಮ ಪಾಳ್ಯದ ಸುತ್ತಿನಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಆ ಸಂಖ್ಯೆಯನ್ನು ಗೃಹಸ್ಥನು ಹೇಗೆ ಓದಿಕೊಳ್ಳತಕ್ಕದ್ದೆಂಬ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆನಿಸಿದೆ. ನಾವು ವೈದ್ಯರಲ್ಲ, ಬಹುಕಾಲ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟು ಈಗ ವಿಶ್ರಾಂತರಾಗಿರುವ ಉಪಾಧ್ಯಾಯರು. ಆದರೆ ಒಡಹುಟ್ಟಿದ ತಮ್ಮನನ್ನು ಈ ರೋಗದ ನಿಮಿತ್ತ ಆಸ್ಪತ್ರೆಗೆ ಕರೆದುಕೊಂಡು ತಿರುಗಿದವರು.

‘ಅರ್ಬುದ’ವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎರಡರ್ಥಗಳುಂಟು. ಶರೀರದಲ್ಲಿ ಬೆಳೆದ ಗಂಟು ಎಂಬುದೊಂದು. ಕೋಟಿಯ ಲೆಕ್ಕದ ದೊಡ್ಡ ಸಂಖ್ಯೆ ಎಂಬುದು ಇನ್ನೊಂದು. ಲೋಕದಲ್ಲಿ ಗಂಟಿಗೆ ಹೆದರುವವರಿಗಿಂತ ಸಂಖ್ಯೆಗೆ ಹೆದರುವವರೇ ಹೆಚ್ಚೆಂದು ನಮಗೆ ತೋರುತ್ತದೆ.

ಅನ್ನನಾಳವು ಗಂಟಲಿನಿಂದ ಜಠರದವರೆಗೆ ಇಳಿಯುವ, ಸುಮಾರು 25 ಸೆಂಟಿಮೀಟರು ಉದ್ದದ ಕೊಳವೆ. ಇದು ಹಿಗ್ಗುವ ಸ್ವಭಾವದ್ದಾದುದರಿಂದ ಒಳಗೆ ಗಂಟು ಬೆಳೆದರೂ ಬಹುಕಾಲ ತಿಳಿಯದು. ಒಳದಾರಿಯು ಬಹಳಷ್ಟು ಮುಚ್ಚಿದ ಮೇಲೆಯೇ ತುತ್ತು ಸಿಕ್ಕಿಕೊಳ್ಳತೊಡಗುವುದು. ರೋಗಿಗಳು ತಡವಾಗಿ ಬರುವುದಕ್ಕೆ ಇದೇ ಮುಖ್ಯ ಕಾರಣ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯು 1982ರಿಂದ ಆ ನಗರದ ಅರ್ಬುದರೋಗಿಗಳ ನೋಂದಣಿಯನ್ನು ನಡೆಯಿಸಿಕೊಂಡು ಬಂದಿದೆ. ಅದರಲ್ಲಿ ಗಂಡಸರ ಅರ್ಬುದಗಳ ಪೈಕಿ ಅನ್ನನಾಳದ್ದು ಮುಂದಿನ ಸಾಲಿನಲ್ಲಿರುವುದು. ಹೊಗೆಸೊಪ್ಪು, ಬೀಡಿ, ಮದ್ಯ, ಅಡಕೆ ಇವು ಇದರ ಕಾರಣಗಳು. ಕಾಫಿಯ ಸೀಮೆಯವರಾದ ನಮಗೆ ಸಂಬಂಧಿಸಿದ ಇನ್ನೊಂದು ಮಾತುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 2016ರಲ್ಲಿ, 65 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಬಿಸಿಯಾದ ಪಾನೀಯಗಳು ಈ ರೋಗಕ್ಕೆ ಕಾರಣವಾಗುವ ಸಂಭವವುಂಟೆಂದು ಸಾರಿತು. ದೋಷವು ಕಾಫಿಯದಲ್ಲ, ಸುಡುಬಿಸಿಯದು. ಲೋಟವನ್ನು ಆರಿಸಿಕೊಂಡು ಕುಡಿಯುವುದರಲ್ಲಿ ನಷ್ಟವೇನೂ ಇಲ್ಲ.

2021ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ತಮ್ಮನು ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಯಿಸಿ ತಿನ್ನತೊಡಗಿದನು. ನವರಾತ್ರಿಯ ವೇಳೆಗೆ ರೊಟ್ಟಿ ನಿಂತಿತು. ಬಳಿಕ ಕಡುಬು ನಿಂತಿತು. ದೀಪಾವಳಿಗೆ ಗಂಜಿಯೊಂದೇ ಉಳಿಯಿತು. ಹಾಸನದಲ್ಲಿ ನಳಿಕೆ ಇಳಿಬಿಟ್ಟು ನೋಡಿದರು, ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು, ಬೆಂಗಳೂರಿಗೆ ಹೋಗಿರೆಂದರು. ಅವನಿಗೆ ಆಗ ಐವತ್ತನಾಲ್ಕು ವರ್ಷ. ಗಂಟು ನಾಳದ ಮೇಲ್ಭಾಗದಲ್ಲಿದ್ದುದರಿಂದ ಶಸ್ತ್ರಕ್ರಿಯೆಗೆ ಅನುಕೂಲವಿಲ್ಲವೆಂದೂ, ದೂರದ ಅಂಗಗಳಿಗೆ ಹರಡಿಲ್ಲವಾದುದರಿಂದ ಕಿರಣಚಿಕಿತ್ಸೆಯನ್ನೂ ಔಷಧವನ್ನೂ ಕೂಡಿಸಿ ಕೊಡುವುದೆಂದೂ ವೈದ್ಯರು ನಿಶ್ಚಯಿಸಿದರು.

ಸಂಖ್ಯೆಯನ್ನು ರೋಗಿಯಿಂದ ಮುಚ್ಚಿಡಬೇಕೆಂದು ನೆಂಟರಲ್ಲಿ ಹೆಚ್ಚಿನವರ ಅಭಿಪ್ರಾಯವಾಗಿತ್ತು. ಅವನಾದರೋ ತಾನೇ ಕೇಳಿದನು. ವೈದ್ಯರು ಮರೆಮಾಚದೆ, ‘ಈ ಸ್ಥಿತಿಯಲ್ಲಿ ಐದು ವರ್ಷವನ್ನು ದಾಟುವವರು ನಾಲ್ವರಲ್ಲಿ ಒಬ್ಬರು, ಆ ಒಬ್ಬರು ನೀವೋ ಅಲ್ಲವೋ ನಾನು ಹೇಳಲಾರೆ’ ಎಂದರು. ಹೊರಗೆ ಬಂದ ಮೇಲೆ ಭಾವಮೈದುನನೊಬ್ಬನು, ‘ಮೂವರು ಹೋಗುವುದಾದರೆ ಕಾಫಿ ಕುಯ್ಲಿನ ಹೊತ್ತಿನಲ್ಲಿ ಆರು ವಾರ ಇಲ್ಲಿ ಕೂತಿರುವುದೇಕೆ?’ ಎಂದು ಕೇಳಿದನು. ಅವನ ಪ್ರಶ್ನೆ ನಿಷ್ಕರುಣೆಯದಲ್ಲ. ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದವನದು. ಪೂರ್ತಿ ಲೆಕ್ಕವು ಹೀಗಿದೆ.

ಅಮೆರಿಕದಲ್ಲಿ, ಹರಡದ ಸ್ಥಿತಿಯಲ್ಲಿದ್ದ ರೋಗಿಗಳನ್ನು ಎರಡು ಪಂಗಡವಾಗಿ ಮಾಡಿ ಒಂದು ಪರೀಕ್ಷೆಯನ್ನು ನಡೆಸಿದರು. ಒಂದು ಪಂಗಡಕ್ಕೆ 64 ಗ್ರೇ ಪ್ರಮಾಣದ ಕಿರಣ ಮಾತ್ರ. ಇನ್ನೊಂದಕ್ಕೆ 50 ಗ್ರೇ ಕಿರಣದೊಡನೆ ಸಿಸ್‌ಪ್ಲಾಟಿನ್, ಫ್ಲೂರೋಯುರಾಸಿಲ್ ಎಂಬ ಔಷಧಗಳು. 1992ರಲ್ಲಿ ಮೊದಲ ವರದಿಯೂ 1999ರಲ್ಲಿ ದೀರ್ಘಕಾಲದ ವರದಿಯೂ ಹೊರಬಂದುವು. ಕಿರಣವೊಂದನ್ನೇ ಪಡೆದವರಲ್ಲಿ ಐದು ವರ್ಷಕ್ಕೆ ಯಾರೂ ಉಳಿದಿರಲಿಲ್ಲ. ಕೂಡಿಸಿ ಪಡೆದವರಲ್ಲಿ ನೂರಕ್ಕೆ 26 ಮಂದಿ ಉಳಿದಿದ್ದರು. ಹಾಗಾದರೆ ಕಿರಣದ ಪ್ರಮಾಣವನ್ನು ಏರಿಸಿದರೆ ಇನ್ನೂ ಲೇಸಾಗದೇ ಎಂದು 50.4ರ ಬದಲು 64.8 ಗ್ರೇ ಕೊಟ್ಟು ನೋಡಿದರು. ಹೆಚ್ಚಿನ ಫಲವೇನೂ ಕಾಣಲಿಲ್ಲವೆಂದು 2002ರಲ್ಲಿ ತಿಳಿದುಬಂದಿತು. ಶಸ್ತ್ರಕ್ರಿಯೆಗೆ ತಕ್ಕವರಾದ ರೋಗಿಗಳ ವಿಷಯದಲ್ಲಿ ಹಾಲೆಂಡಿನವರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯು ಪ್ರಸಿದ್ಧವಾಗಿದೆ. ಅಲ್ಲಿ ಶಸ್ತ್ರಕ್ರಿಯೆಯನ್ನಷ್ಟೇ ಮಾಡಿಸಿಕೊಂಡವರ ಮಧ್ಯಮ ಆಯುಸ್ಸು 24 ತಿಂಗಳು. ಮೊದಲು ಕಿರಣವನ್ನೂ ಔಷಧವನ್ನೂ ಪಡೆದು ಆಮೇಲೆ ಶಸ್ತ್ರಕ್ರಿಯೆಗೆ ಹೋದವರದು 49 ತಿಂಗಳು.

ಈ ‘ಮಧ್ಯಮ’ವೆಂಬ ಮಾತಿನಲ್ಲಿಯೇ ಗೃಹಸ್ಥರು ಎಡವುವುದು. ತರಗತಿಯ ಹುಡುಗರನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ಸರಿಯಾಗಿ ನಡುವೆ ನಿಂತವನ ಎತ್ತರವನ್ನು ಅಳೆದರೆ ಅದೇ ಮಧ್ಯಮ. ಕೊನೆಯಲ್ಲಿ ನಿಂತ ಹುಡುಗನು ಎಷ್ಟೆತ್ತರವೆಂಬುದನ್ನು ಅದು ಹೇಳಲಾರದು. ಅಮೆರಿಕದ ಆ ಪರೀಕ್ಷೆಯಲ್ಲಿ ಕೂಡುಚಿಕಿತ್ಸೆ ಪಡೆದವರ ಮಧ್ಯಮ ಆಯುಸ್ಸು ಸುಮಾರು 14 ತಿಂಗಳು. ಅದಿಷ್ಟನ್ನೇ ಕೇಳಿದವನು ‘ಹದಿನಾಲ್ಕು ತಿಂಗಳಿಗೆ ಮುಗಿಯಿತು’ ಎನ್ನುವನು. ಅದೇ ಪಂಗಡದಲ್ಲಿ ಕಾಲುಭಾಗದವರು ಐದು ವರ್ಷವನ್ನು ದಾಟಿದರೆಂಬುದು ಅವನಿಗೆ ಕಾಣದು. ನಮ್ಮ ಶಾಸ್ತ್ರಗಳಲ್ಲಿ ಸಮಷ್ಟಿ, ವ್ಯಷ್ಟಿ ಎಂಬ ಭೇದವನ್ನು ಹೇಳುವರು. ಸಂಖ್ಯೆಯು ಸಮಷ್ಟಿಯ ಧರ್ಮ, ವನಕ್ಕೆ ಸಂಬಂಧಿಸಿದ್ದು. ಒಂದೊಂದು ಮರದ ಗತಿಯನ್ನು ಅದರಿಂದ ನಿರ್ಣಯಿಸಲಾಗದು. ಆದರೂ ಅದು ವ್ಯರ್ಥವಲ್ಲ. ಯಾವ ಚಿಕಿತ್ಸೆಯ ದಾರಿಯಲ್ಲಿ ಹೆಚ್ಚು ಮಂದಿ ಮುಂದೆ ಸಾಗಿದರೆಂಬುದನ್ನು ಅದು ತೋರಿಸುವುದು. ದಾರಿಯನ್ನು ಆರಿಸುವವನಿಗೆ ಬೇಕಾದುದು ಅದೇ. ಬೆಂಗಳೂರಿನಲ್ಲಿ ನಾವು ಭಾವಮೈದುನನಿಗೆ ಹೇಳಿದುದೂ ಇಷ್ಟೇ: ನಾಲ್ವರಲ್ಲಿ ಒಬ್ಬನಾಗುವ ಅವಕಾಶವು ಕಡಮೆಯದಾಗಿ ತೋರಬಹುದು, ಆದರೆ ಹಿಂದಿರುಗಿ ಹೋದವನಿಗೆ ಆ ಅವಕಾಶವೂ ಇರದು.

ನಮ್ಮ ಕಡೆಯಲ್ಲಿ ಈ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎನ್ನುವರು. ಇದು ವಿದ್ಯುತ್ತಿನ ಆಘಾತವಲ್ಲ. ಕಣ್ಣಿಗೆ ಕಾಣದ ಕಿರಣಗಳನ್ನು ಹೊರಗಿನಿಂದ ಗಂಟಿನ ಮೇಲೆ ಗುರಿಯಿಡುವುದು. ಆ ಹೊತ್ತಿನಲ್ಲಿ ನೋವಿರದು. ರೋಗಿಯನ್ನು ಮುಟ್ಟಿದವರಿಗೆ ಅಪಾಯವೂ ಇಲ್ಲ. ವಾರಕ್ಕೆ ಐದು ದಿನದಂತೆ, ದಿನಕ್ಕೆ 1.8 ಗ್ರೇಯಂತೆ, ನಮ್ಮ ತಮ್ಮನಿಗೆ 28 ಸಲ ಕೊಟ್ಟರು. ಮೂರನೆಯ ವಾರದಿಂದ ನಾಳದ ಒಳಪದರವು ಬೆಂದಂತಾಗಿ ನೀರು ನುಂಗುವುದೂ ಕಷ್ಟವಾಯಿತು. ಬಹುಮಂದಿ ರೋಗವು ಉಲ್ಬಣಿಸಿತೆಂದು ತಿಳಿದು ಊರಿನ ಬಸ್ಸು ಹತ್ತುವುದು ಈ ವಾರದಲ್ಲಿಯೇ. ಇದು ಚಿಕಿತ್ಸೆಯ ತಾಪ. ಮುಗಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುವುದು. ನಡುವೆ ಬಿಟ್ಟರೆ ಗಂಟು ಮತ್ತೆ ಚಿಗುರುವುದಕ್ಕೆ ಕಾಲಾವಕಾಶ ದೊರೆಯುವುದು. ತೂಕವಿಳಿಯದಂತೆ ಮೂಗಿನ ಮೂಲಕ ಒಂದು ನಳಿಕೆಯನ್ನಿಟ್ಟರು. ಅದರಲ್ಲಿ ಗಂಜಿನೀರು, ಹಾಲು, ಬೇಳೆಯ ಕಟ್ಟನ್ನು ಹುಯ್ಯುವ ಕೆಲಸ ನಾದಿನಿಯದಾಯಿತು. ನೋಡಲು ಕಠಿನವಾಗಿತ್ತು; ಆದರೆ ಒಂದು ದಿನವೂ ತಪ್ಪದೆ ಇಪ್ಪತ್ತೆಂಟೂ ಪೂರೈಸಿದುದು ಆ ನಳಿಕೆಯ ಬಲದಿಂದಲೇ.

2022ರ ಯುಗಾದಿಗೆ ಅವನು ಅಕ್ಕಿರೊಟ್ಟಿಯನ್ನು ಮುರಿದು ತಿಂದನು. ತಿಂದ ಬಳಿಕ, ನಮ್ಮಿಬ್ಬರ ನಡುವೆ ಇಪ್ಪತ್ತು ವರ್ಷಗಳಿಂದ ಮಾತಿನಲ್ಲಿಯೇ ನಿಂತಿದ್ದ ಜಮೀನಿನ ಪಾಲನ್ನು ಈ ವರ್ಷವೇ ಬರೆಯಿಸಬೇಕೆಂದನು. ‘ನನಗೆ ನಾಲ್ಕರಲ್ಲೊಂದು ಎಂದರು, ಅಣ್ಣಾ, ಮೂರರ ಕಡೆಗೂ ಸಿದ್ಧವಾಗಿರಬೇಕಲ್ಲ’ ಎಂಬುದು ಅವನ ಮಾತು. ಆಲೂರಿನಲ್ಲಿ ವಿಭಾಗಪತ್ರದ ನೋಂದಣಿಯಾಯಿತು. ಮಗಳಿಗೆ ಪಹಣಿಯನ್ನು ಓದುವುದನ್ನೂ ಕೂಲಿಯ ಲೆಕ್ಕವನ್ನೂ ಕಲಿಸಿದನು. ಎರಡು ಕುಯ್ಲುಗಳನ್ನು ಕಣದಲ್ಲಿ ನಿಂತು ನೋಡಿದನು. 2024ರ ಆರಂಭದಲ್ಲಿ ರೋಗವು ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಆಷಾಢದಲ್ಲಿ ಅವನು ತೀರಿಕೊಂಡನು. ನಾಲ್ವರಲ್ಲಿ ಒಬ್ಬನು ಅವನಾಗಲಿಲ್ಲ. ಆದರೂ ಮನೆಯಲ್ಲಿ ಈಗ ಮಕ್ಕಳು ಗಡಿಗಾಗಿ ಜಗಳವಾಡುತ್ತಿಲ್ಲ. ಆ ಸಂಖ್ಯೆಯನ್ನು ಅವನಿಂದ ಮುಚ್ಚಿಟ್ಟಿದ್ದರೆ ಇದಾಗುತ್ತಿರಲಿಲ್ಲ.

ತಡವಾಗಿ ತಿಳಿದವರ ಮಾತನ್ನೂ ಹೇಳಬೇಕು. ಪಕ್ಕದ ಬೀದಿಯ ವೃದ್ಧರೊಬ್ಬರಿಗೆ ಆಗಲೇ ಯಕೃತ್ತಿಗೆ ಹರಡಿತ್ತು. ಅವರಿಗೆ ಗುಣಪಡಿಸುವ ಉದ್ದೇಶದಿಂದಲ್ಲ, ನುಂಗುವಂತಾಗಲೆಂದು ಕೆಲವೇ ಸಲ ಕಿರಣ ಕೊಟ್ಟರು. ನಾಲ್ಕು ತಿಂಗಳು ಮೊಮ್ಮಕ್ಕಳೊಡನೆ ಕೂತು ಮೆತ್ತಗಿನ ಅನ್ನವನ್ನುಂಡರು. ಇಂತಹವರ ವಿಷಯದಲ್ಲಿ ಹಾಲೆಂಡಿನಲ್ಲಿ 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯುಂಟು: ನಾಳದೊಳಗೆ ಲೋಹದ ಬಲೆಯನ್ನು ಕೂರಿಸಿದರೆ ದಾರಿಯು ಬೇಗ ತೆರೆಯುವುದು, ನಾಳದೊಳಗಿಂದಲೇ ಒಮ್ಮೆ ಕಿರಣ ಕೊಟ್ಟರೆ ಸ್ವಲ್ಪ ನಿಧಾನವಾದರೂ ಹೆಚ್ಚು ಕಾಲ ತೆರೆದಿರುವುದು. ಆಯುಸ್ಸಿನ ಲೆಕ್ಕಕ್ಕೆ ಸೇರದ ಈ ಫಲವನ್ನು ಸಣ್ಣದೆನ್ನಲು ನಮಗೆ ಮನಸ್ಸು ಬಾರದು. ಹಸಿದವನಿಗೆ ಒಂದು ತುತ್ತು ಇಳಿಯುವುದೂ ಚಿಕಿತ್ಸೆಯೇ.

ವಾಚಕರು ಮನೆಯಲ್ಲಿ ನೆನಪಿಡತಕ್ಕ ವಿಷಯಗಳು ಕೆಲವೇ. ಗಟ್ಟಿಯ ತುತ್ತು ಎರಡು ಮೂರು ವಾರ ಸಿಕ್ಕಿಕೊಂಡರೆ ವಾಯುವೆಂದೂ ಪಿತ್ತವೆಂದೂ ತಡಮಾಡದೆ ನಳಿಕೆಯ ಪರೀಕ್ಷೆಯನ್ನು ಮಾಡಿಸಿರಿ. ರೋಗವಿದೆಯೆಂದಾದರೆ ವೈದ್ಯರನ್ನು, ‘ಎಲ್ಲಿಯವರೆಗೆ ಹರಡಿದೆ? ಚಿಕಿತ್ಸೆಯ ಉದ್ದೇಶವು ಗುಣವೋ, ನುಂಗುವ ಸೌಕರ್ಯವೋ? ನಡುವೆ ಬಾಧೆಯಾದಾಗ ಆಹಾರವನ್ನು ಹೇಗೆ ಕೊಡಬೇಕು?’ ಎಂದು ಕೇಳಿರಿ. ಬಡವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೂ, ಚಿಕಿತ್ಸೆಗಾಗಿ ಪ್ರಯಾಣ ಮಾಡುವ ರೋಗಿಗೂ ಜೊತೆಗಾರನೊಬ್ಬನಿಗೂ ರೈಲ್ವೆಯ ರಿಯಾಯಿತಿಯೂ ಉಂಟು; ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿರಿ. ಕಡೆಗೆ, ರೋಗಿಯು ತಾನಾಗಿ ‘ಎಷ್ಟು ದಿನ?’ ಎಂದು ಕೇಳಿದರೆ, ವೈದ್ಯರು ಉತ್ತರಿಸುವಾಗ ಅವನ ಪಕ್ಕದಲ್ಲಿ ಕುಳಿತಿರಿ. ಅವನನ್ನು ಹೊರಗೆ ಕಳುಹಿಸಬೇಡಿರಿ.